ಸುಗಮ್ಯ ಜಾಲತಾಣ: ವಿಕಲಚೇತನರ ಹಕ್ಕು, ವ್ಯಾಪಾರಕ್ಕೂ ಲಾಭ



2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ನಮ್ಮ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಇವರೆಲ್ಲರೂ ನಾಗರಿಕರು ಮಾತ್ರವಲ್ಲ, ಗ್ರಾಹಕರೂ ಹೌದು. ಸ್ವಸಹಾಯ ಸಂಘಗಳು ಮತ್ತು ರೈತ ಉತ್ಪಾದಕ ಕಂಪನಿಗಳು ಜಾಲತಾಣಗಳ ಮೂಲಕ ಮಾರಾಟಕ್ಕೆ ತೊಡಗಿರುವ ಈ ಕಾಲದಲ್ಲಿ, ಆ ತಾಣಗಳು ಎಲ್ಲರಿಗೂ ಬಳಸಲು ಬರುವಂತಿವೆಯೇ ಎಂಬುದು ನಾವು ಪರಿಶೀಲಿಸಬೇಕಾದ ವಿಷಯವಾಗಿದೆ.

ಅಡಚಣೆ ಎಲ್ಲಿದೆ?

ದೃಷ್ಟಿದೋಷವುಳ್ಳವರು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದೆ. ಒಂದು ಸಂಘವು ಚಟ್ನಿಪುಡಿಯ ದರಪಟ್ಟಿಯನ್ನು ಕೇವಲ ಚಿತ್ರವಾಗಿ ಹಾಕಿದೆ ಎಂದು ಭಾವಿಸೋಣ. ಚಿತ್ರಕ್ಕೆ ಪಠ್ಯ ವಿವರಣೆ ಇಲ್ಲದಿದ್ದರೆ ಅಂಧ ಗ್ರಾಹಕರಿಗೆ ದರವೇ ತಿಳಿಯದು. ಆಗ ಅವರು ಇನ್ನೊಬ್ಬರ ಕೈಗೆ ಮೊಬೈಲನ್ನೂ ಓಟಿಪಿಯನ್ನೂ ಕೊಡಬೇಕಾಗುತ್ತದೆ, ಇಲ್ಲವೇ ಖರೀದಿಯನ್ನೇ ಕೈಬಿಡಬೇಕಾಗುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ತಂತ್ರಾಂಶಕ್ಕೆ ಅರ್ಥವಿಲ್ಲದ ಅಕ್ಷರಗಳ ಸಾಲಷ್ಟೇ. ಸ್ಕ್ಯಾನ್ ಮಾಡಿದ ಪಿಡಿಎಫ್ ಕಡತವೂ ಬರಿಯ ಚಿತ್ರವೇ.

ಲಾಭವೇನು?

ಮೊದಲನೆಯದಾಗಿ, ಗ್ರಾಹಕರು ಹೆಚ್ಚುತ್ತಾರೆ. ದಪ್ಪ ಅಕ್ಷರ, ಸ್ಪಷ್ಟ ಬಣ್ಣ ಮತ್ತು ಸರಳ ನಮೂನೆಗಳು ವಯೋವೃದ್ಧರಿಗೂ, ಬಿಸಿಲಿನಲ್ಲಿ ನಿಂತು ಮೊಬೈಲ್ ನೋಡುವ ರೈತರಿಗೂ ಅನುಕೂಲಕರ. ಎರಡನೆಯದಾಗಿ, ಯುನಿಕೋಡ್ ಬರಹ ಮತ್ತು ಚಿತ್ರಗಳ ವಿವರಣೆಯಿಂದ ಗೂಗಲ್‌ನಂತಹ ಹುಡುಕುತಾಣಗಳು ಆ ಸರಕನ್ನು ಸುಲಭವಾಗಿ ಗುರುತಿಸುತ್ತವೆ. ಮೂರನೆಯದಾಗಿ, ವೆಚ್ಚ ಉಳಿಯುತ್ತದೆ. ಕಟ್ಟಡ ಕಟ್ಟುವಾಗಲೇ ರ‍್ಯಾಂಪ್ ಹಾಕುವುದಕ್ಕೂ, ಆಮೇಲೆ ಮೆಟ್ಟಿಲು ಒಡೆದು ಹಾಕುವುದಕ್ಕೂ ಇರುವ ಅಂತರ ಸದಸ್ಯರಿಗೆ ತಿಳಿದದ್ದೇ ಆಗಿದೆ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಅದರ 46ನೇ ಪ್ರಕರಣದಂತೆ ಸುಗಮ್ಯತೆಯ ನಿಯಮಗಳು ಸರ್ಕಾರಿ ಹಾಗೂ ಖಾಸಗಿ ಸೇವಾದಾರರಿಬ್ಬರಿಗೂ ಅನ್ವಯಿಸುತ್ತವೆ. ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ.

ಪರಿಶೀಲನಾ ಅಂಶಗಳು

1. ಬರಹವೆಲ್ಲವೂ ಯುನಿಕೋಡ್‌ನಲ್ಲಿದೆಯೇ?
2. ಪ್ರತಿಯೊಂದು ಉಪಯುಕ್ತ ಚಿತ್ರಕ್ಕೂ ಪಠ್ಯ ವಿವರಣೆ ಇದೆಯೇ?
3. ಮೌಸ್ ಇಲ್ಲದೆ, ಕೀಲಿಮಣೆಯಿಂದಲೇ ಖರೀದಿ ಪೂರ್ಣಗೊಳಿಸಬಹುದೇ?
4. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸವು ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5:1 ಇದೆಯೇ?
5. ಶ್ರವಣದೋಷವುಳ್ಳವರಿಗಾಗಿ ವಿಡಿಯೋಗಳಿಗೆ ಅಡಿಬರಹವಿದೆಯೇ?

ಸದಸ್ಯರು ಮಾಡಬೇಕಾದುದು

ತಮ್ಮ ವ್ಯಾಪ್ತಿಯ ಸಂಘಗಳು ಜಾಲತಾಣ ಮಾಡಿಸುವಾಗ ಮೇಲಿನ ಐದು ಅಂಶಗಳನ್ನು ಕರಾರಿನಲ್ಲಿಯೇ ಸೇರಿಸುವಂತೆ ತಿಳಿಸಿರಿ. ಅಂತಿಮ ಹಣ ಪಾವತಿಗೆ ಮುನ್ನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಊರಿನ ವಿಕಲಚೇತನರೊಬ್ಬರನ್ನು ಆಹ್ವಾನಿಸಿ, ಅವರಿಂದ ಒಂದು ಖರೀದಿ ಮಾಡಿಸಿ ನೋಡಿರಿ. ಅನ್ಯರ ನೆರವಿಲ್ಲದೆ ಅವರು ಖರೀದಿ ಮುಗಿಸಿದರೆ ಮಾತ್ರ ಕೆಲಸ ಪೂರ್ಣಗೊಂಡಿದೆ ಎಂದು ತಿಳಿಯತಕ್ಕದ್ದು.