ಹೆಜ್ಜೆ ಎಣಿಸುವ ಪಟ್ಟಿ ಯಾವ ಕೈಗೆ?

ಫಿಟ್‌ನೆಸ್ ಬ್ಯಾಂಡ್ ಕಾಲನ್ನು ನೋಡುವುದಿಲ್ಲ. ಕೈಯ ಬೀಸನ್ನು ಗ್ರಹಿಸಿ ಹೆಜ್ಜೆಯೆಂದು ಎಣಿಸುತ್ತದೆ. ಬಲಗೈ ಬಳಸುವವರು ಅದನ್ನು ಬಲಗೈಗೇ ಕಟ್ಟಿಕೊಂಡರೆ ರೊಟ್ಟಿ ಬಡಿದದ್ದು, ಬಟ್ಟೆ ಒಗೆದದ್ದು ಕೂಡ ನಡಿಗೆಯ ಲೆಕ್ಕಕ್ಕೆ ಸೇರಬಹುದು. ಆದುದರಿಂದ ಕಡಿಮೆ ಬಳಸುವ ಕೈಯೇ ಲೇಸು. ಎಡಚರಿಗೆ ಅದು ಬಲಗೈ. ನಾಡಿಬಡಿತವನ್ನು ಅಳೆಯುವ ಹಸಿರು ಬೆಳಕು ಚರ್ಮಕ್ಕೆ ತಾಗಿರಬೇಕಾದುದರಿಂದ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಷ್ಟು ಮೇಲೆ, ಜಾರದಂತೆ, ಬಿಗಿಯದಂತೆ ಧರಿಸತಕ್ಕದ್ದು.

ಆದರೆ ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿಸಿಕೊಂಡವರಿಗೆ ಈ ನಿಯಮ ಸಲ್ಲದು. ಅದು ಸಾಮಾನ್ಯವಾಗಿ ಕಡಿಮೆ ಬಳಸುವ ಕೈಯಲ್ಲಿಯೇ ಇರುತ್ತದೆ. ಅಲ್ಲಿ ಪಟ್ಟಿ ಒತ್ತಿದರೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗುವ ಅಪಾಯವುಂಟು. ಮೊಮ್ಮಕ್ಕಳು ಪ್ರೀತಿಯಿಂದ ಆ ಕೈಗೆ ಕಟ್ಟಬಂದರೂ ಬೇಡವೆನ್ನಬೇಕು. ಹೆಜ್ಜೆಯ ಲೆಕ್ಕ ತುಸು ತಪ್ಪಿದರೂ ಚಿಂತೆಯಿಲ್ಲ, ಇನ್ನೊಂದು ಕೈಗೇ ಇರಲಿ.