ಮೊದಲ ಮಗು ಈಗಲೇ ಬೇಡವೇ? ಮದುವೆಗೆ ಮುಂಚೆಯೇ ಮಾತಾಡಿ

ಮದುವೆಯಾಗಿ ಎರಡು ತಿಂಗಳಾದರೆ ಸಾಕು, 'ಏನಾದರೂ ವಿಶೇಷವಾ?' ಎಂಬ ವಿಚಾರಣೆ ಶುರು. ಮಗು ಯಾವಾಗ ಬೇಕೆನ್ನುವುದು ಲಗ್ನಪತ್ರಿಕೆ ಹಂಚುವ ಹೊತ್ತಿಗೇ ನಿಮ್ಮಿಬ್ಬರಲ್ಲಿ ಇತ್ಯರ್ಥವಾಗಿರಲಿ. ಮೊದಲ ಸಲ ಸೇರಿದರೆ ಗರ್ಭ ನಿಲ್ಲುವುದಿಲ್ಲ ಎಂಬುದು ಶುದ್ಧ ಸುಳ್ಳು. ಹೊರಗೆ ಸ್ಖಲಿಸುವುದನ್ನೂ ನೆಚ್ಚಿಕೊಳ್ಳಬೇಡಿ.

ಶುರುವಿಗೆ ನಿರೋಧ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಇಲ್ಲಿ ಹೇಳುವ ಸಾಧನಗಳಲ್ಲಿ ಲೈಂಗಿಕ ರೋಗಗಳಿಂದಲೂ ಕಾಪಾಡುವುದು ಇದೊಂದೇ. ಪೊಟ್ಟಣದ ಮೇಲಿನ ದಿನಾಂಕ ನೋಡಿ, ಹಲ್ಲಿನಿಂದ ಹರಿಯಬೇಡಿ. ಶಿಶ್ನ ನಿಮಿರಿದ ಮೇಲೆ, ಯೋನಿಗೆ ತಾಗುವ ಮೊದಲೇ, ತುದಿಯನ್ನು ಎರಡು ಬೆರಳಲ್ಲಿ ಒತ್ತಿ ಗಾಳಿ ತೆಗೆದು ಬುಡದವರೆಗೆ ಬಿಡಿಸಿ. ಸ್ಖಲನವಾದ ಕೂಡಲೇ ಬುಡದಲ್ಲಿ ಹಿಡಿದುಕೊಂಡೇ ಹೊರತೆಗೆಯಿರಿ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ, ಎಣ್ಣೆ ತಗುಲಿದ ಲೇಟೆಕ್ಸ್ ಹರಿಯುತ್ತದೆ. ನೋವಾಗುತ್ತಿದ್ದರೆ ನಿಲ್ಲಿಸಿ, ಅವಸರ, ಹೆದರಿಕೆಗಳಿಂದ ಯೋನಿ ಒಣಗಿರುತ್ತದೆ. ನೀರಿನಂಶದ ಜೆಲ್ಲಿ ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

ಗುಳಿಗೆಯೇ ಸರಿ ಎನ್ನುವವರು ಮೊದಲು ಬಿಪಿ ನೋಡಿಸಿ, ಅರೆತಲೆನೋವು, ಲಿವರ್ ತೊಂದರೆ, ಪಿಸಿಓಎಸ್ ಇದ್ದರೆ ವೈದ್ಯರಿಗೆ ತಿಳಿಸಿ. ಮಾಲಾ-ಎನ್ ದಿನಕ್ಕೊಂದು. ಅಷ್ಟು ನೆನಪಿಟ್ಟುಕೊಳ್ಳಲು ಆಗದವರಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಹಾರ್ಮೋನಿಲ್ಲದ 'ಛಾಯಾ' ವಾಸಿ. ಮುಟ್ಟಿನ ಮೊದಲ ದಿನ ಭಾನುವಾರ ಎಂದಿಟ್ಟುಕೊಳ್ಳಿ: ಮೂರು ತಿಂಗಳು ಪ್ರತಿ ಭಾನುವಾರ ಮತ್ತು ಬುಧವಾರ ಒಂದೊಂದು, ಆಮೇಲೆ ಭಾನುವಾರ ಮಾತ್ರ. ಇದರಿಂದ ಮುಟ್ಟು ಮುಂದಕ್ಕೆ ಹೋಗಬಹುದು.

'ಅಂತರಾ' ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ನಿಲ್ಲಿಸಿದ ಮೇಲೂ ಗರ್ಭ ನಿಲ್ಲಲು ತಿಂಗಳುಗಟ್ಟಲೆ ಹಿಡಿಯಬಹುದಾದ್ದರಿಂದ ಒಂದೇ ವರ್ಷ ಮುಂದೂಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ವಂಕಿ, ಅಂದರೆ ಕಾಪರ್-ಟಿ, ಮಗುವಾಗದವರಿಗೂ ಹಾಕಬಹುದು.

ನಿರೋಧ್ ಹರಿದರೆ ತುರ್ತು ಗುಳಿಗೆಯನ್ನು 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಲೇಸು. ಆಶಾ ಕಾರ್ಯಕರ್ತೆಯ ಬಳಿ ಇರುತ್ತದೆ. ತಿಂಗಳು ತಿಂಗಳು ಇದನ್ನೇ ನುಂಗಿಸುವ ಗಂಡಂದಿರಿದ್ದಾರೆ. ನಿರೋಧ್ ಹಾಕಿಕೊಳ್ಳಲು ಅವರಿಗೇನು ಸಂಕಟವೋ!

ಮುಟ್ಟು ವಾರ ತಡವಾದರೆ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಗರ್ಭ ನಿಂತಿದ್ದು ಬೇಡವೆನಿಸಿದರೆ ಅಂಗಡಿಯಿಂದ ಮಾತ್ರೆ ತರಿಸಿ ನುಂಗದೆ ಆಸ್ಪತ್ರೆಗೆ ಹೋಗಿ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಗರ್ಭನಿರೋಧಕ ಕೈಕೊಟ್ಟಾಗ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಬಹುದು. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.