ಒಂಬತ್ತರೊಳಗೆ ಕಾಡು ದಾಟಿ

ವಯನಾಡಿನ ಗೆಳೆಯನ ಮನೆಗೆ ಕಾರಿನಲ್ಲಿ ಹೊರಟಿದ್ದೀರಾ? ಬೆಂಗಳೂರಿನವರು ಎಡವುವುದು ಒಂದೇ ಕಡೆ: ‘ಆಫೀಸು ಮುಗಿಸಿ ಹೊರಟರಾಯ್ತು, ರಾತ್ರಿ ಊಟಕ್ಕೆ ಸುಲ್ತಾನ್ ಬತ್ತೇರಿ’ ಅನ್ನುವ ಲೆಕ್ಕ. ಬಂಡೀಪುರದ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ; 2009ರಲ್ಲಿ ಬಂದ ನಿಷೇಧ. ಆಂಬುಲೆನ್ಸ್, ಕೆಲವೇ ಬಸ್ಸು ಬಿಟ್ಟರೆ ಯಾರಿಗೂ ಗೇಟು ತೆಗೆಯುವುದಿಲ್ಲ, ಗೋಗರೆದು ಫಲವಿಲ್ಲ. ಕುಟ್ಟದ ಕಡೆಯಿಂದ ಸುತ್ತಿ ಹೋಗಬಹುದು ನಿಜ, ಗುಂಡ್ಲುಪೇಟೆಗೆ ಬಂದಮೇಲೆ ಅದು ನೆನಪಾದರೆ ಏನು ಬಂತು? ಸಂಜೆ 7ರೊಳಗೆ ಆ ಊರು ದಾಟಿಬಿಡಿ. ಆನೆ ಕಂಡಿತೆಂದು ಇಳಿದು ಸೆಲ್ಫಿಗೆ ನಿಲ್ಲಬೇಡಿ, ಮಂಗಗಳಿಗೆ ಬಿಸ್ಕತ್ತೂ ಬೇಡ. ತಡವಾಗುವಂತಿದ್ದರೆ ಮೈಸೂರಿನಲ್ಲೇ ಉಳಿದುಬಿಡಿ. ಆದರೆ ಗೆಳೆಯನ ಅಮ್ಮನಿಗೆ ಮೊದಲೇ ಫೋನ್ ಮಾಡಿ. ಮೀನುಸಾರು ಕುದಿಸಿಟ್ಟ ಮೇಲಲ್ಲ.